ಜಾಮೀನು ಸಿಕ್ಕರೂ ಜೈಲು ತಪ್ಪಲಿಲ್ಲ

ಸಂಪಾದಕರೇ,

ಯಾದಗಿರಿ ಹತ್ತಿರದ ನಮ್ಮೂರಿನ ಹುಡುಗನೊಬ್ಬ ಜಾಮೀನು ಸಿಕ್ಕಿ 12 ದಿನ ಆದರೂ ಜೈಲಿನಲ್ಲೇ ಇದ್ದ. 50 ಸಾವಿರದ ಬಾಂಡು, ಜೊತೆಗೆ ಹೊಲ ಇರುವ ಒಬ್ಬ ಜಾಮೀನುದಾರ ಬೇಕಿತ್ತು. ಅಷ್ಟೂ ದುಡ್ಡು ಈಗಲೇ ಕಟ್ಟಬೇಕು ಅಂದುಕೊಂಡು ಅವನ ಅವ್ವ ಕಿವಿಯೋಲೆ ಅಡ ಇಟ್ಟಿದ್ದಳು! ಬಾಂಡು ಅಂದ್ರೆ ಮುಚ್ಚಳಿಕೆ, ಆರೋಪಿ ತಾರೀಖಿಗೆ ಬಾರದೆ ತಪ್ಪಿಸಿಕೊಂಡರೆ ಮಾತ್ರ ಆ ಹಣದ ಮಾತು ಬರುತ್ತದೆ ಅಂತ ಆಕೆಗೆ ಯಾರೂ ಹೇಳಿರಲಿಲ್ಲ. ಕೊನೆಗೆ ನಾನೇ ತೊಗರಿ ಹೊಲದ ಪಹಣಿ, ಆಧಾರ್ ಹಿಡಿದು ಹೋಗಿ ಸಹಿ ಹಾಕಿದೆ.

7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲೇ ಹೇಳಿದೆ. ತಿಂಗಳಾದರೂ ಬಾಂಡು ಕೊಡಲಾಗದಿದ್ದರೆ ಷರತ್ತು ಸಡಿಲಿಸುವ ಬಗ್ಗೆ ಕೋರ್ಟೇ ಯೋಚಿಸಬಹುದು. ಇಷ್ಟನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಜೈಲಿನ ಗೇಟಿಗೆ ಅಂಟಿಸೋಕೆ ಏನು ಖರ್ಚಾಗುತ್ತೆ?

– ಒಬ್ಬ ರೈತ, ಯಾದಗಿರಿ