ದರಕು ಗುಡಿಸುವ ಮೊದಲು

ಚಿ. ಗಣಪತಿಗೆ ಸೋದರತ್ತೆಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಸಾಗರದ ಕಡೆಗೇ ವಾಪಸ್ಸು ಬಂದು ತೋಟ ನೋಡಿಕೊಳ್ಳುತ್ತೀಯೆಂದು ಕೇಳಿ ಸಂತೋಷವಾಯಿತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಹೊಡೆಯಬೇಕು, ಅಡಿಕೆ ಯಾವ ಮಂಡಿಗೆ ಹಾಕಬೇಕು ಎಂದು ಹೇಳಲು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಮಂಗನ ಕಾಯಿಲೆಯ ವಿಷಯ ಬಂದರೆ ಮಾತ್ರ ಕೆಲವರು ಸುಮ್ಮನೆ ಹೆದರಿಸುತ್ತಾರೆ, ಉಳಿದವರು 'ಅದೆಲ್ಲ ನಮ್ಮೂರಲ್ಲಿಲ್ಲ ಬಿಡು' ಅನ್ನುತ್ತಾರೆ. ದೀಪಾವಳಿ ಮುಗಿಯಿತು, ಇನ್ನು ಮೇ ತಿಂಗಳವರೆಗೂ ಅದರ ಕಾಲ. ಜನವರಿಯಿಂದ ಮಾರ್ಚ್ ತನಕ ಜೋರು. ನೀನು ಆಳು ಕರೆದು ಬೆಟ್ಟದಲ್ಲಿ ದರಕು, ಅಂದರೆ ಒಣ ತರಗೆಲೆ, ಗುಡಿಸುವುದೂ ಅದೇ ಹೊತ್ತಿಗೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಎದ್ದಾಗ ಈ ವೈರಸ್ ಸಿಕ್ಕಿದ್ದು. ಪಾಪದ ಮಂಗಕ್ಕೂ ನಮ್ಮ ಹಾಗೇ ಕಾಯಿಲೆ ಬಂದು ಸಾಯುತ್ತದೆ ಅಷ್ಟೆ, ಹರಡುವುದು ಉಣುಗು, ಅಂದರೆ ರಕ್ತ ಹೀರುವ ಉಣ್ಣೆ ಹುಳ. ಮಳೆ ಮುಗಿದ ಮೇಲೆ ಮೊಟ್ಟೆಯೊಡೆದ ಮರಿಗಳು ಇಲಿ, ಹೆಗ್ಗಣ, ಮಂಗಗಳ ರಕ್ತ ಕುಡಿದು ಎರಡನೇ ಹಂತಕ್ಕೆ ಬರುತ್ತವೆ. ಮನುಷ್ಯರನ್ನು ಕಚ್ಚುವುದು ಹೆಚ್ಚಾಗಿ ಈ ಹಂತದವೇ. ಗಸಗಸೆ ಕಾಳಿನಷ್ಟೇ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಮಂಗ ಸತ್ತರೆ ಮೈಮೇಲಿದ್ದ ಉಣುಗುಗಳೆಲ್ಲ ಉದುರಿ ಅದೇ ಜಾಗದ ತರಗೆಲೆಯಲ್ಲಿ ಕಾಯುತ್ತಾ ಕೂರುತ್ತವೆ. ಹಾಗಾಗಿ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡ, ಕೋಲಿನಲ್ಲೂ ಮುಟ್ಟಬೇಡ, ಹೂಳುವ ಪುಣ್ಯವೂ ಬೇಡ. ಆಶಾ ಕಾರ್ಯಕರ್ತೆಗೋ ಪಂಚಾಯಿತಿಗೋ ಫೋನು ಮಾಡು. ಅವರು ಅರಣ್ಯ ಮತ್ತು ಪಶು ಇಲಾಖೆಯವರನ್ನು ಕರೆಸಿ, ಪರೀಕ್ಷೆಗೆ ಬೇಕಾದ್ದು ತೆಗೆಸಿ, ಸುತ್ತ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಹೊಡೆಸುತ್ತಾರೆ. ಆ ಕಡೆ ದರಕಿಗೂ ಸೌದೆಗೂ ಆ ವರ್ಷ ಹೋಗುವುದೇ ಬೇಡ.

ಈ ಸಲ ದರಕು ಆದಷ್ಟು ಕಮ್ಮಿ ಮಾಡು. ಕೊಟ್ಟಿಗೆಗೆ ಹಾಸಲು ಅಡಿಕೆ ಸೋಗೆಯನ್ನು ಯಂತ್ರಕ್ಕೆ ಕೊಟ್ಟು ಪುಡಿ ಮಾಡಿಸಬಹುದು, ಭತ್ತದ ಹುಲ್ಲೂ ಆಗುತ್ತದೆ. ತರಲೇಬೇಕೆಂದಾದರೆ ರಾಶಿಯನ್ನು ಮನೆ ಜಗಲಿಯ ಪಕ್ಕ ಒಟ್ಟಬೇಡ. ಬೆಟ್ಟಕ್ಕೆ ಹೋಗುವವರು ತುಂಬುತೋಳಿನ ಅಂಗಿ, ಪ್ಯಾಂಟು ಹಾಕಿ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಬೇಕು, ಮೇಲೆ ಗಮ್‌ಬೂಟು. ಆರೋಗ್ಯ ಕೇಂದ್ರದಲ್ಲಿ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ಪುಕ್ಕಟೆ ಕೊಡುತ್ತಾರೆ. ಹೊರಡುವ ಮೊದಲು ಬಟ್ಟೆ ಮುಚ್ಚದ ಕೈಕಾಲು, ಕುತ್ತಿಗೆಗೆ ಸವರಬೇಕು. ಕಣ್ಣು, ಬಾಯಿಗೆ ತಾಗದಿರಲಿ. ಬೆವರಿಗೆ ಅಳಿಸಿಹೋಗುವುದರಿಂದ ಬೆಳಿಗ್ಗೆ ಹಚ್ಚಿದ್ದು ಸಂಜೆಯವರೆಗೆ ಸಾಲುವುದಿಲ್ಲ, ಊಟದ ಹೊತ್ತಿಗೆ ಇನ್ನೊಮ್ಮೆ ಸವರಿಸು. ಊಟಕ್ಕೆ ತರಗೆಲೆ ಮೇಲೆ ಕೂರುವುದು, ಮಧ್ಯಾಹ್ನ ಮರದ ಬುಡದಲ್ಲಿ ಒರಗುವುದು, ಇವೆರಡನ್ನು ಬಿಡಿಸಿದರೇ ಅರ್ಧ ಗೆದ್ದ ಹಾಗೆ.

ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೈ ಉಜ್ಜಿ ಸ್ನಾನ ಮಾಡಬೇಕು. ಕಂಕುಳು, ತೊಡೆಸಂದು, ಮೊಣಕಾಲ ಹಿಂದೆ, ಕಿವಿಯ ಹಿಂದೆ, ಉಡಿದಾರದ ಜಾಗ, ಇಷ್ಟನ್ನೂ ಬೆಳಕಿನಲ್ಲಿ ನೋಡಿಕೊಳ್ಳಿ. ಉಣುಗು ಕಚ್ಚಿಕೊಂಡಿದ್ದರೆ ಚಿಮುಟದಲ್ಲಿ ಚರ್ಮಕ್ಕೆ ತಾಗಿದಂತೆ ತಲೆಯ ಭಾಗ ಹಿಡಿದು, ತಿರುಚದೆ, ನಿಧಾನ ನೇರಕ್ಕೆ ಎಳೆ. ಸೀಮೆಎಣ್ಣೆ, ಸುಣ್ಣ, ಬೀಡಿಯ ಕೆಂಡ ಯಾವುದೂ ಬೇಡ. ಉಗುರಲ್ಲಿ ಕುಕ್ಕುವ ಚಾಳಿಯಂತೂ ಬೇಡವೇ ಬೇಡ, ಒಡೆದರೆ ಅದರೊಳಗಿನ ರಸ ಕೈಗೆ ತಾಗುತ್ತದೆ. ದನಗಳಿಗೆ ಈ ಕಾಯಿಲೆ ಬರುವುದಿಲ್ಲ, ಆದರೆ ದೊಡ್ಡ ಉಣುಗುಗಳು ಬೆಳೆದು ಸಂತಾನ ಹೆಚ್ಚುವುದು ಅವುಗಳ ಮೈಯ ರಕ್ತದಿಂದ. ಪಶುವೈದ್ಯರನ್ನು ಕೇಳಿ ಬೆನ್ನಿಗೆ ಹುಯ್ಯುವ ಉಣ್ಣೆ ಔಷಧಿ ಹಾಕಿಸು. ಹಾಕಿದ ಮೇಲೆ ಎಷ್ಟು ದಿನ ಹಾಲು ಬಳಸಬಾರದೆಂದೂ ಕೇಳಿಕೋ.

ಇನ್ನು ಜ್ವರದ ವಿಷಯ. ಕಚ್ಚಿ ಮೂರರಿಂದ ಎಂಟು ದಿನಕ್ಕೆ ಒಮ್ಮೆಲೇ ಚಳಿಜ್ವರ, ಹಣೆ ಒಡೆಯುವಂಥ ತಲೆನೋವು, ಸೊಂಟ, ಮೀನಖಂಡಗಳಲ್ಲಿ ಏಳಲಾಗದಷ್ಟು ನೋವು, ಕಣ್ಣು ಕೆಂಪು, ವಾಂತಿ. ಕೆಲವರಿಗೆ ವಸಡು, ಮೂಗಿನಲ್ಲಿ ರಕ್ತ. ಪೇಟೆಯ ಡಾಕ್ಟರಿಗೆ ಇದು ಡೆಂಗಿಯಂತೆ ಕಾಣುತ್ತದೆ, ಪ್ಲೇಟ್‌ಲೆಟ್ ಎರಡರಲ್ಲೂ ಇಳಿಯುತ್ತದಲ್ಲ. ಇಲಿಜ್ವರವೋ ಸ್ಕ್ರಬ್ ಟೈಫಸೋ ಆಗಿದ್ದರೆ ಅವಕ್ಕೆ ಆಂಟಿಬಯೋಟಿಕ್ ಇದೆ, ಇದಕ್ಕಿಲ್ಲ. ಆದ್ದರಿಂದ ಆಸ್ಪತ್ರೆಯ ಬಾಗಿಲಲ್ಲೇ ಹೇಳಬೇಕು: ಯಾವ ಕಾಡು, ಯಾವ ದಿನ ಹೋದದ್ದು, ಅಲ್ಲಿ ಮಂಗ ಸತ್ತಿತ್ತೇ. ಮೊದಲ ಕೆಲವು ದಿನದ ರಕ್ತದಲ್ಲಿ ಆರ್‌ಟಿ-ಪಿಸಿಆರ್‌ನಿಂದ ವೈರಸ್ಸೇ ಗೊತ್ತಾಗುತ್ತದೆ. ಆಮೇಲಾದರೆ ರಕ್ತದಲ್ಲಿ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಆರು ಗಂಟೆ ಅಂತರ ಬಿಟ್ಟು. ಮೈಕೈ ನೋವಿಗೆಂದು ಡೈಕ್ಲೊಫೆನಾಕ್ ಇಂಜೆಕ್ಷನ್, ಐಬುಪ್ರೊಫೇನ್, ಆಸ್ಪಿರಿನ್ ತೆಗೆದುಕೊಂಡರೆ ರಕ್ತಸ್ರಾವ ಹೆಚ್ಚುತ್ತದೆ. 'ಒಂದು ಸೂಜಿ ಹಾಕಿ ಡಾಕ್ಟ್ರೇ, ನಾಳೆ ಕೆಲಸಕ್ಕೆ ಹೋಗಬೇಕು' ಎಂದು ಕೇಳುವವರೇ ಹೆಚ್ಚು, ಅಲ್ಲೇ ಎಡವಟ್ಟಾಗುವುದು. ಗಂಜಿ, ಎಳನೀರು, ಓಆರ್‌ಎಸ್ ಸ್ವಲ್ಪ ಸ್ವಲ್ಪವಾಗಿ ಹೋಗುತ್ತಿರಲಿ. ರಕ್ತ ಕಂಡರೆ, ಮೂತ್ರ ಕಮ್ಮಿಯಾದರೆ, ಮಾತು ತಡವರಿಸಿದರೆ ಆಗಲೇ ದೊಡ್ಡಾಸ್ಪತ್ರೆ.

ಹತ್ತರಲ್ಲಿ ಒಬ್ಬಿಬ್ಬರಿಗೆ ಜ್ವರ ಬಿಟ್ಟು ವಾರ, ಎರಡು ವಾರ ಚೆನ್ನಾಗಿದ್ದು ಮತ್ತೆ ಮರುಕಳಿಸುತ್ತದೆ. ಆಗ ಕುತ್ತಿಗೆ ಬಿಗಿತ, ಕೈ ನಡುಕ, ತಬ್ಬಿಬ್ಬು ಕಾಣಬಹುದು. ಜ್ವರ ಬಿಟ್ಟ ಮೇಲೂ ಮೂರು ವಾರ ಕಣ್ಣಿಟ್ಟಿರು. ರೋಗ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ಉಳಿದವರಿಗೂ ನಿಶ್ಶಕ್ತಿ ವಾರಗಟ್ಟಲೆ ಬಿಡುವುದಿಲ್ಲ. ಹಳೆಯ ಲಸಿಕೆಗೆ ಒಂದು ತಿಂಗಳ ಅಂತರದ ಎರಡು ಡೋಸು, ಮೇಲೆ ಬೂಸ್ಟರುಗಳಿದ್ದವು. ಅದರ ಶಕ್ತಿ ಸಾಲದೆಂದು ಕೊಡುವುದನ್ನು ನಿಲ್ಲಿಸಿದರು. 'ನಾನು ಆವಾಗಲೇ ಚುಚ್ಚಿಸಿಕೊಂಡಿದ್ದೇನೆ' ಎನ್ನುವವರನ್ನು ಆ ಧೈರ್ಯದ ಮೇಲೆ ಕಾಡಿಗೆ ಬಿಡಬೇಡ.

ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಆದರೂ 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನ ಕಡೆ ಕಾಯಿಲೆ ಎದ್ದಾಗ ಊರಿಗೆ ಊರೇ ಕಂಗಾಲಾಯಿತು. ಎಲ್ಲಿ ನೋಡಿದರೂ ಮೊದಲು ಬೀಳುವವರು ಸೌದೆಗೆ, ಸೊಪ್ಪಿಗೆ, ಗೇರು ಕೊಯ್ಲಿಗೆ ಕಾಡು ಹೊಕ್ಕ ಬಡವರೇ. ನಿನ್ನ ಬೆಟ್ಟದಲ್ಲೂ ಬಗ್ಗಿ ದರಕು ಗುಡಿಸುವುದು ನೀನಲ್ಲ ಮಾರಾಯ, ಕೂಲಿಗೆ ಬಂದ ಹೆಂಗಸರು. ಎಣ್ಣೆ, ಗಮ್‌ಬೂಟು, ಕಾಲುಚೀಲ ನಿನ್ನ ಖರ್ಚಿನಲ್ಲೇ ಇಡು. ಸಂಜೆ ಸ್ನಾನಕ್ಕೆ ಹಂಡೆ ನೀರು ಕಾಯಿಸಿಡು. ಜ್ವರ ಬಂದವಳ ಕೂಲಿ ಹಿಡಿಯಬೇಡ. ಕೂಲಿ ಹೋಗುತ್ತದೆಂದೇ ಮೂರು ದಿನ ಮುಚ್ಚಿಟ್ಟು ನಾಲ್ಕನೇ ದಿನ ತಾಳಲಾಗದೆ ಹೇಳುತ್ತಾರೆ. ಯಾರು ಯಾವ ದಿನ ಬೆಟ್ಟಕ್ಕೆ ಹೋದರು ಎಂದು ಹಾಜರಿ ಪುಸ್ತಕದಲ್ಲಿ ಬರೆದಿಡು, ಡಾಕ್ಟರು ಕೇಳುವುದು ಅದನ್ನೇ.

ಇಂತಿ,
ನಿನ್ನ ಸೋದರತ್ತೆ