ಮೊಲದ ಮೇಲೆ ಬಿದ್ದ ನೆರಳು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮಗಳ ಜೊತೆ ಕೂತು ನೋಡುವಂಥ ಒಂದು ಸಿನಿಮಾ ಹೇಳು ಅಂತ ನೀನು ಕೇಳಿದ್ದೆ. ಕಾರ್ಟೂನ್ ಇರಬೇಕು, ನಿನಗೂ ಬೋರ್ ಆಗಬಾರದು, ಆದರೆ ತೀರಾ ಹಳೇದು ಬೇಡ, ಈಗ ಕಂಪ್ಯೂಟರಿನಲ್ಲಿ ಎಲ್ಲಾ ಚೆನ್ನಾಗಿ ಮಾಡುತ್ತಾರಲ್ಲ ಅಂತಲೂ ಬರೆದಿದ್ದೆ. ಆ ಕೊನೆಯ ಮಾತಿಗೆ ನನ್ನ ತಕರಾರಿದೆ. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸಿನಿಮಾದ ಹೆಸರು 'ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್'. 1988ರದ್ದು. ನಿರ್ದೇಶಕ ರಾಬರ್ಟ್ ಜೆಮೆಕಿಸ್. ಅನಿಮೇಶನ್ ಹೊಣೆ ಹೊತ್ತವರು ರಿಚರ್ಡ್ ವಿಲಿಯಮ್ಸ್. ಕಥೆ ನಡೆಯುವುದು 1947ರ ಲಾಸ್ ಏಂಜಲೀಸಿನಲ್ಲಿ. ಅಲ್ಲಿ ಕಾರ್ಟೂನ್ ಪಾತ್ರಗಳು ಮನುಷ್ಯರ ನಡುವೆಯೇ ಓಡಾಡಿಕೊಂಡಿವೆ, ಅವಕ್ಕೆ 'ಟೂನ್' ಅಂತ ಹೆಸರು. ಸ್ಟುಡಿಯೋದಲ್ಲಿ ನಟಿಸುತ್ತವೆ, ಕೆಲಸ ಮುಗಿದ ಮೇಲೆ ಟೂನ್‌ಟೌನ್ ಎಂಬ ತಮ್ಮ ಊರಿಗೆ ಹೋಗುತ್ತವೆ. ರೋಜರ್ ಅಂಥ ಒಬ್ಬ ನಟ, ಒಂದು ಮೊಲ. ಅವನ ತಲೆಗೆ ಕೊಲೆಯ ಆರೋಪ ಸುತ್ತಿಕೊಳ್ಳುತ್ತದೆ. ಅವನನ್ನು ಕಾಪಾಡಬೇಕಾದವನು ಎಡ್ಡಿ ವೇಲಿಯಂಟ್ ಎಂಬ ಪತ್ತೇದಾರ. ಅವನಿಗೋ ಟೂನ್‌ಗಳನ್ನು ಕಂಡರಾಗದು. ಯಾಕೆಂದರೆ ಅವನ ಒಡಹುಟ್ಟಿದವನನ್ನು ಕೊಂದದ್ದು ಒಬ್ಬ ಟೂನ್, ತಲೆ ಮೇಲೆ ಪಿಯಾನೋ ಕೆಡವಿ.

ಸ್ವಲ್ಪ ಯೋಚಿಸು. ಕಾರ್ಟೂನಿನಲ್ಲಿ ಪಿಯಾನೋ ಬಿದ್ದರೆ ನಾವು ನಗುತ್ತೇವೆ. ಅದರಡಿ ಸಿಕ್ಕಿದವನು ಹಲ್ಲಿನ ಜಾಗದಲ್ಲಿ ಪಿಯಾನೋ ಕೀಲಿ ತೋರಿಸುತ್ತಾ ಎದ್ದು ನಿಲ್ಲುತ್ತಾನೆ. ಇಲ್ಲಿ ಅದೇ ಪಿಯಾನೋ ಮನುಷ್ಯನ ಮೇಲೆ ಬಿತ್ತು, ಅವನು ಏಳಲಿಲ್ಲ. ಇಡೀ ಸಿನಿಮಾ ನಿಂತಿರುವುದು ಇದರ ಮೇಲೆ. ಎರಡು ಲೋಕಗಳು ಒಂದನ್ನೊಂದು ಮುಟ್ಟಿದರೆ ನಿಜವಾಗಿಯೂ ಪೆಟ್ಟಾಗಬೇಕು, ಒದ್ದೆಯಾಗಬೇಕು, ನೆರಳು ಬೀಳಬೇಕು. ಹಾಗಾಗದಿದ್ದರೆ ಎಡ್ಡಿಯ ದುಃಖವನ್ನು ನಾವು ನಂಬುವುದಿಲ್ಲ.

ಮನುಷ್ಯರನ್ನೂ ಕಾರ್ಟೂನನ್ನೂ ಸೇರಿಸಿದ್ದು ಇದೇ ಮೊದಲೇನಲ್ಲ. 1945ರಲ್ಲೇ ಹಾಲಿವುಡ್ ನಟ, ನರ್ತಕ ಜೀನ್ ಕೆಲ್ಲಿ ನಮ್ಮ ಜೆರ‍್ರಿ ಇಲಿಯ ಜೊತೆ ಕುಣಿದಿದ್ದರು. 1964ರ 'ಮೇರಿ ಪಾಪಿನ್ಸ್'ನಲ್ಲಿ ಪೆಂಗ್ವಿನ್‌ಗಳ ಕುಣಿತ ಇದೆ. ಎರಡೂ ಚೆಂದ. ಆದರೆ ಅಂಥ ದೃಶ್ಯಗಳಲ್ಲಿ ಕ್ಯಾಮೆರಾ ಹೆಚ್ಚಾಗಿ ಅಲುಗಾಡದೆ ನಿಂತಿರುತ್ತಿತ್ತು. ಕ್ಯಾಮೆರಾ ಸರಿದರೆ ಬಿಡಿಸಿದ ಪಾತ್ರದ ಕೋನವೂ ಪ್ರತಿ ಫ್ರೇಮಿಗೆ ಬದಲಾಗಬೇಕು. ಅಷ್ಟು ಕೆಲಸ ಯಾರಿಗೆ ಬೇಕು? ವಿಲಿಯಮ್ಸ್ ಉಲ್ಟಾ ಹಠ ಹಿಡಿದರು. ಮಾಮೂಲಿ ಸಿನಿಮಾದಲ್ಲಿ ಹೇಗೆ ಓಡಾಡುತ್ತದೋ ಕ್ಯಾಮೆರಾ ಇಲ್ಲೂ ಹಾಗೇ ಓಡಾಡಲಿ, ನಾವು ಹಿಂದಿನಿಂದ ಬಿಡಿಸಿಕೊಂಡು ಬರುತ್ತೇವೆ ಅಂದರು.

ಮಾಡಿದ್ದು ಹೀಗೆ. ಮೊದಲು ಮನುಷ್ಯರ ಭಾಗ ಶೂಟ್ ಆಯಿತು. ಆಮೇಲೆ ಒಂದೊಂದು ಫ್ರೇಮನ್ನೂ ದೊಡ್ಡ ಕಪ್ಪುಬಿಳುಪು ಫೋಟೋ ಮಾಡಿ, ಅದರ ಮೇಲೆ ಕಾಗದ ಇಟ್ಟು, ಲಂಡನ್ನಿನಲ್ಲಿ ಕೂತ ಕಲಾವಿದರು ಪೆನ್ಸಿಲ್ಲಿನಲ್ಲಿ ರೋಜರನನ್ನು ಬಿಡಿಸಿದರು. ಒಂದು ಸೆಕೆಂಡಿಗೆ 24 ಫ್ರೇಮು. ಬಣ್ಣ ತುಂಬಿದ ಮೇಲೂ ಮುಗಿಯಲಿಲ್ಲ. ಪಾತ್ರದ ಮೈ ಮೇಲಿನ ನೆರಳಿಗೆ ಬೇರೆ ಪದರ, ಬೆಳಕಿಗೆ ಬೇರೆ ಪದರ, ಅವನು ನೆಲಕ್ಕೆ ಬೀರುವ ನೆರಳಿಗೆ ಮತ್ತೊಂದು. ಇವೆಲ್ಲವನ್ನೂ ಸ್ಪೆಷಲ್ ಎಫೆಕ್ಟ್ಸ್ ಕಂಪನಿ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್‌ನವರು ಆಪ್ಟಿಕಲ್ ಪ್ರಿಂಟರ್ ಎಂಬ, ಫಿಲ್ಮುಗಳನ್ನು ಒಂದೇ ಫಿಲ್ಮಿಗೆ ಸೇರಿಸುವ ಯಂತ್ರದಲ್ಲಿ ಒಂದರ ಮೇಲೊಂದು ಕೂರಿಸಿದರು. ಅದಕ್ಕೇ ರೋಜರ್ ಚಪ್ಪಟೆಯಾಗಿ ಕಾಣುವುದಿಲ್ಲ. ಕೈಯಲ್ಲಿ ಹಿಡಿಯಬಹುದು ಅನ್ನಿಸುತ್ತಾನೆ.

ಈಗ ನನಗೆ ಬಹಳ ಇಷ್ಟವಾದ ದೃಶ್ಯಕ್ಕೆ ಬರುತ್ತೇನೆ. ಎಡ್ಡಿ ಮತ್ತು ರೋಜರ್ ಒಂದೇ ಕೈಕೋಳದಲ್ಲಿ ಸಿಕ್ಕಿಕೊಂಡಿದ್ದಾರೆ. ಬಾರಿನ ಹಿಂದಿನ ಗುಪ್ತ ಕೋಣೆಯಲ್ಲಿ ಬಚ್ಚಿಟ್ಟುಕೊಂಡು ಗರಗಸದಿಂದ ಕೋಳ ಕೊಯ್ಯಬೇಕು. ಮೇಲೆ ಒಂದೇ ಒಂದು ದೀಪ ನೇತಾಡುತ್ತಿದೆ. ಎಡ್ಡಿಯ ತಲೆ ಅದಕ್ಕೆ ತಾಗುತ್ತದೆ, ದೀಪ ಅತ್ತಿತ್ತ ತೂಗತೊಡಗುತ್ತದೆ. ಕೋಣೆಯ ಬೆಳಕೆಲ್ಲ ಓಲಾಡುತ್ತದೆ. ಈಗ ಮೊಲವನ್ನು ನೋಡು. ಬೆಳಕು ಅವನ ಮುಖದ ಮೇಲೂ ಬಂದು ಹೋಗುತ್ತಿದೆ. ಕಿವಿಯ ಒಂದು ಬದಿ ಬೆಳಗುತ್ತದೆ, ಕಪ್ಪಾಗುತ್ತದೆ, ಮತ್ತೆ ಬೆಳಗುತ್ತದೆ. ದೀಪ ತೂಗುವಷ್ಟು ಹೊತ್ತೂ ಫ್ರೇಮು ಫ್ರೇಮಿಗೆ ಆ ನೆರಳನ್ನು ಯಾರೋ ಕೂತು ಬಿಡಿಸಿದ್ದಾರೆ. ದೀಪಕ್ಕೆ ತಲೆ ತಾಗಲೇಬೇಕು ಅಂತ ಕಥೆಯಲ್ಲಿ ಏನೂ ಇರಲಿಲ್ಲ. ಸುಮ್ನೆ ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೂ ಮಾಡಿದರು. ಆ ಕೆಲಸದ ಮೇಲಿರುವ ಗೌರವಕ್ಕೇ ನಾನು ಈ ಸಿನಿಮಾವನ್ನು ಮತ್ತೆ ಮತ್ತೆ ನೋಡುವುದು.

ಅದೇ ದೃಶ್ಯದಲ್ಲಿ ಎಡ್ಡಿ ಒದ್ದಾಡುತ್ತಾ ಕೊಯ್ಯುವಾಗ ರೋಜರ್ ಆರಾಮಾಗಿ ಕೋಳದಿಂದ ಕೈ ಹೊರಗೆಳೆದು ಸಹಾಯಕ್ಕೆ ನಿಲ್ಲುತ್ತಾನೆ. ಯಾವಾಗ ಬೇಕಾದರೂ ಕೈ ತೆಗೆಯಬಹುದಿತ್ತಾ ಅಂತ ಎಡ್ಡಿ ರೇಗುತ್ತಾನೆ. ಯಾವಾಗ ಬೇಕಾದರೂ ಅಲ್ಲ, ತಮಾಷೆ ಆಗುವ ಹೊತ್ತಿಗೆ ಮಾತ್ರ ಅನ್ನುತ್ತದೆ ಮೊಲ. ಟೂನ್‌ಗಳ ಧರ್ಮವೇ ಆ ಒಂದು ಮಾತಿನಲ್ಲಿದೆ, ಅಲ್ವಾ?

ಇಷ್ಟೆಲ್ಲ ಬಿಡಿಸಿದರೂ, ಎದುರಿಗಿದ್ದ ನಟ ನಂಬದಿದ್ದರೆ ಎಲ್ಲಾ ನೀರಿನಲ್ಲಿ ಹೋಮ. ಎಡ್ಡಿಯಾಗಿ ಬಾಬ್ ಹಾಸ್ಕಿನ್ಸ್. ಅವರ ಕಣ್ಣು ಗಮನಿಸು. ಎದುರಿಗೆ ಯಾರೂ ಇಲ್ಲದಾಗ ನಟರ ನೋಟ ಹಿಂದಿನ ಗೋಡೆಗೆ ಹೋಗಿಬಿಡುತ್ತದೆ. ಹಾಸ್ಕಿನ್ಸ್ ನೋಟ ಮೊಲ ಇರಬೇಕಾದ ಜಾಗದಲ್ಲೇ, ಅಷ್ಟೇ ದೂರದಲ್ಲಿ ನಿಲ್ಲುತ್ತದೆ. ತಮ್ಮ ಪುಟ್ಟ ಮಗಳು ಕಲ್ಪನೆಯ ಗೆಳೆಯರ ಜೊತೆ ಆಡುವುದನ್ನು ನೋಡಿ ಇದನ್ನು ಕಲಿತೆ ಅಂತ ಅವರು ಹೇಳಿದ್ದರು. ಶೂಟಿಂಗ್ ಮುಗಿದ ಮೇಲೂ ಇಲ್ಲದ್ದು ಕಣ್ಣಿಗೆ ಕಾಣುತ್ತಿತ್ತಂತೆ, ಅಷ್ಟು ಆಳಕ್ಕೆ ಇಳಿದಿದ್ದರು. ರೋಜರನಿಗೆ ದನಿ ಕೊಟ್ಟ ಚಾರ್ಲ್ಸ್ ಫ್ಲೈಶರ್ ಕೂಡ ಮೊಲದ ವೇಷ ಹಾಕಿಕೊಂಡೇ ಸೆಟ್ಟಿಗೆ ಬಂದು, ಕ್ಯಾಮೆರಾ ಪಕ್ಕ ನಿಂತು ಮಾತು ಹೇಳುತ್ತಿದ್ದರು. ಟೂನ್‌ಗಳ ಕೈಯಲ್ಲಿ ಕಾಣುವ ಪಿಸ್ತೂಲು, ಸಿಗಾರು, ಟ್ರೇ ಎಲ್ಲವೂ ನಿಜವಾದ ವಸ್ತುಗಳು. ತಂತಿ, ಕೋಲು, ಯಂತ್ರದ ತೋಳುಗಳಿಂದ ಅವನ್ನು ಆಡಿಸಿ, ಆಮೇಲೆ ಆ ತೋಳುಗಳ ಮೇಲೆ ಪಾತ್ರ ಬಿಡಿಸಿ ಮುಚ್ಚಿದರು.

ಬೇರೆ ಬೇರೆ ಸ್ಟುಡಿಯೋಗಳ ಮಿಕ್ಕಿ ಮೌಸ್ ಮತ್ತು ಬಗ್ಸ್ ಬನ್ನಿ ಒಂದೇ ಚಿತ್ರದಲ್ಲಿ ಸಿಗುವುದು, ಡೊನಾಲ್ಡ್ ಮತ್ತು ಡ್ಯಾಫಿ ಪಿಯಾನೋ ಮುಂದೆ ಜಗಳಕ್ಕಿಳಿಯುವುದು, ಆಸ್ಕರ್‌ಗಳು ಬಂದದ್ದು, ಇವನ್ನೆಲ್ಲ ಎಲ್ಲರೂ ಹೇಳುತ್ತಾರೆ. ನಾನು ಹೇಳಬೇಕಾದದ್ದು ಹಳೇ ಕಪ್ಪುಬಿಳುಪು ಕಾರ್ಟೂನುಗಳ ನಾಯಕಿ ಬೆಟ್ಟಿ ಬೂಪ್ ಬಗ್ಗೆ. ಇಂಕ್ ಅಂಡ್ ಪೇಂಟ್ ಎಂಬ ಕ್ಲಬ್ಬಿನಲ್ಲಿ ಟೂನ್‌ಗಳು ಹಾಡಿ ಕುಣಿಯುತ್ತಾರೆ, ಬಡಿಸುತ್ತಾರೆ. ಗಿರಾಕಿಗಳಾಗಿ ಮಾತ್ರ ಅವರಿಗೆ ಪ್ರವೇಶವಿಲ್ಲ, ಅದು ಮನುಷ್ಯರಿಗಷ್ಟೇ. ಕರಿಯರು ಹಾಡಬೇಕು, ಬಿಳಿಯರು ಕೂತು ಕೇಳಬೇಕು ಅನ್ನುವಂಥ ಕ್ಲಬ್ಬುಗಳು ಅಮೆರಿಕದಲ್ಲಿ ನಿಜವಾಗಿಯೂ ಇದ್ದವು. ಆ ಬಣ್ಣಬಣ್ಣದ ಕ್ಲಬ್ಬಿನಲ್ಲಿ ಬೆಟ್ಟಿ ಮಾತ್ರ ಕಪ್ಪುಬಿಳುಪು. ಸಿಗರೇಟು ಮಾರುತ್ತಿದ್ದಾಳೆ. ಕಾರ್ಟೂನಿಗೆ ಬಣ್ಣ ಬಂದ ಮೇಲೆ ಕೆಲಸ ಕಡಿಮೆಯಾಗಿದೆ ಅನ್ನುತ್ತಾಳೆ. ನಿನ್ನಲ್ಲಿ ಇನ್ನೂ ಆ ಕಳೆ ಇದೆ ಅಂತ ಎಡ್ಡಿ ಹೇಳುತ್ತಾನೆ. ಟೂನ್ ಎಂದರೆ ಉರಿದುಬೀಳುವ ಮನುಷ್ಯ ಅವಳೊಬ್ಬಳ ಹತ್ತಿರ ಎಷ್ಟು ಮೆತ್ತಗಾಗುತ್ತಾನೆ ನೋಡು. ಆ ದನಿ ಮೇ ಕ್ವೆಸ್ಟೆಲ್ ಅವರದು. 1930ರ ದಶಕದ ಬೆಟ್ಟಿ ಕಾರ್ಟೂನುಗಳಿಗೆ ದನಿ ಕೊಟ್ಟಿದ್ದವರೂ ಅವರೇ. ದೃಶ್ಯ ಒಂದು ನಿಮಿಷವೂ ಇಲ್ಲ, ಆದರೂ ನನ್ನ ಗಂಟಲು ಕಟ್ಟುತ್ತದೆ.

ಕಥೆಯ ಹಿಂದಿನ ಸಂಚಿನಲ್ಲಿ ಲಾಸ್ ಏಂಜಲೀಸಿನ ಕೆಂಪು ಟ್ರಾಮುಗಳೂ ಇವೆ. ಯಾರು ಕೊಂಡರು, ಯಾಕೆ ಕೊಂಡರು ಅಂತ ಈಗಲೇ ಹೇಳಿಬಿಟ್ಟರೆ ಪತ್ತೇದಾರಿ ಕಥೆಯ ಮಜಾ ಹೋಗುತ್ತದೆ. ಆ ಟ್ರಾಮುಗಳು ನಿಜವಾಗಿ ಓಡುತ್ತಿದ್ದವು, ಕೊನೆಯ ಮಾರ್ಗ 1961ರಲ್ಲಿ ನಿಂತಿತು ಅಂತಷ್ಟೇ ತಿಳಿದಿರಲಿ.

ಇನ್ನು ಒಂದು ಎಚ್ಚರಿಕೆ. ಸಿಗರೇಟು, ಕುಡಿತ, ರೋಜರನ ಹೆಂಡತಿ ಜೆಸ್ಸಿಕಾಳ ಹಾಡು ಇವೆಲ್ಲ ಇವೆ, ಅದನ್ನು ನೀನು ನಿಭಾಯಿಸುತ್ತೀಯ. ನನಗೆ ಚಿಂತೆ ಇರುವುದು ಟೂನ್‌ಟೌನಿನ ನ್ಯಾಯಾಧೀಶ ಜಡ್ಜ್ ಡೂಮ್ ಬಗ್ಗೆ. ಟೂನ್‌ಗಳನ್ನು ಕೊಲ್ಲಲು ಅವನ ಹತ್ತಿರ ಒಂದು ದ್ರಾವಣ ಇದೆ. ಟರ್ಪೆಂಟೈನ್, ಅಸಿಟೋನ್, ಬೆಂಜೀನ್ ಸೇರಿಸಿದ್ದು. ಮೂರೂ ಬಣ್ಣ ಕರಗಿಸುವಂಥವೇ. ಅವನು ಒಂದು ಪುಟ್ಟ ಕಾರ್ಟೂನ್ ಬೂಟನ್ನು ಎತ್ತಿಕೊಂಡು ಆ ಪೀಪಾಯಿಯಲ್ಲಿ ನಿಧಾನವಾಗಿ ಅದ್ದುತ್ತಾನೆ. ಬೂಟು ಕಿರುಚುತ್ತದೆ. ದೊಡ್ಡವರಿಗೇ ಹೊಟ್ಟೆ ತೊಳಸುತ್ತದೆ. ಕೊನೆಯ ಫ್ಯಾಕ್ಟರಿ ದೃಶ್ಯ ಇನ್ನೂ ಜಾಸ್ತಿ ಭಯ ಹುಟ್ಟಿಸುತ್ತದೆ. ಹಾಗಾಗಿ ಮೊದಲು ನೀನೊಬ್ಬನೇ ನೋಡು. ಮಗಳಿಗೆ ಇನ್ನೊಂದೆರಡು ವರ್ಷ ಕಳೆಯಲಿ ಅನ್ನಿಸಿದರೆ ಕಾಯಿ, ಅವಸರವೇನಿಲ್ಲ. ತೋರಿಸುವುದಾದರೆ ಬೂಟು ಬಂದಾಗ ಎದ್ದು ಅಡುಗೆಮನೆಗೆ ಹೋಗಬೇಡ, ಪಕ್ಕದಲ್ಲೇ ಇರು.

ಮನೆಯಲ್ಲಿ ಎಲ್ಲರಿಗೂ ನನ್ನ ನೆನಪು ಹೇಳು.

ನಿನ್ನ ಗೆಳೆಯ