ಅಪ್ಪಂಗೆ, ಆ ರೇಡಿಯೇಷನ್ ವಿಷ್ಯ

ಅಪ್ಪಂಗೆ, ಅಮ್ಮಂಗೆ ನಮಸ್ಕಾರ. ನಾನು ಚೆನ್ನಾಗಿದೀನಿ.

ನಿಮ್ಮ ಪತ್ರ ಓದಿದೆ. ಗಂಡಿನ ಕಡೆಯವ್ರು "ಹುಡುಗಿ ರೇಡಿಯೇಷನ್ ಕೆಲ್ಸ ಮಾಡ್ತಾಳಂತೆ, ನಾಳೆ ಮಕ್ಕಳುಮರಿಗೆ ತೊಂದ್ರೆ ಆಗಲ್ವಾ" ಅಂತ ಅತ್ತೆ ಹತ್ರ ಕೇಳಿದ್ದು, ಅತ್ತೆ ನಿಮ್ಮ ಕಿವಿಗೆ ಹಾಕಿದ್ದು, ಅಮ್ಮ ಎರಡು ರಾತ್ರಿ ನಿದ್ದೆಗೆಟ್ಟಿದ್ದು ಎಲ್ಲ ಗೊತ್ತಾಯ್ತು. ತಪ್ಪು ನಂದೇ, ಅತ್ತೆ ಫೋನಲ್ಲಿ ಏನಮ್ಮ ನಿನ್ನ ಕೆಲ್ಸ ಅಂದಾಗ ಅವಸರದಲ್ಲಿ "ನಿಯರ್ ಫೀಲ್ಡ್ ರೇಡಿಯೇಷನ್" ಅಂದ್ಬಿಟ್ಟೆ. ವಿಕಿರಣ ಅಂದಿದ್ರೆ ಇನ್ನೂ ಹೆದರ್ತಿದ್ರೇನೋ.

ಅಪ್ಪಾ, ಇದು ಎಕ್ಸ್‌ರೇ ಅಲ್ಲ, ಅಣುಸ್ಥಾವರದ್ದೂ ಅಲ್ಲ, ಬರೀ ಶಾಖ. ನೀವು ಈಗ ಸುಮ್ನೆ ಕೂತಿದ್ರೂ ನಿಮ್ಮ ಮೈಯಿಂದ ಚದರ ಮೀಟರಿಗೆ ಸುಮಾರು 500 ವಾಟ್ ಇನ್ಫ್ರಾರೆಡ್, ಅಂದ್ರೆ ಕಣ್ಣಿಗೆ ಕಾಣದ ಶಾಖದ ಬೆಳಕು, ಹೊರಡ್ತಾ ಇರುತ್ತೆ, ಸುತ್ತಲ ಗೋಡೆಗಳೂ ಹೆಚ್ಚುಕಮ್ಮಿ ಅಷ್ಟೇ ವಾಪಸ್ ಕೊಡ್ತಿರುತ್ತವೆ, ಅದಕ್ಕೇ ಗೊತ್ತಾಗಲ್ಲ. ಆ ಲೆಕ್ಕಕ್ಕೆ ಹುಡುಗನೂ ರೇಡಿಯೇಷನ್ನೇ, ಅವ್ರಪ್ಪನೂ ರೇಡಿಯೇಷನ್ನೇ. (ಇದನ್ನ ಅವ್ರಿಗೆ ಹೇಳ್ಬೇಡಿ.)

ನಿಯರ್ ಫೀಲ್ಡ್ ಅಂದ್ರೆ ತೀರಾ ಹತ್ರ ಅಂತ ಅಷ್ಟೇ. ನಾನು ಮಾಡೋದಿಷ್ಟು. ಕೂದಲೆಳೆ ದಪ್ಪ ಇರೋ ಗಾಜಿನ ಮಣಿನ ಒಂದು ಪುಟಾಣಿ ಪಟ್ಟಿ ತುದಿಗೆ ಅಂಟಿಸಿ, ಗಾಳಿ ತೆಗೆದ ಡಬ್ಬದೊಳಗೆ ಇನ್ನೊಂದು ಗಾಜಿನ ಹತ್ರ ತರೋದು, ಹತ್ರ ಅಂದ್ರೆ 30 ನ್ಯಾನೋಮೀಟರ್, ಕೂದಲಿನ ದಪ್ಪದಲ್ಲಿ ಎರಡು ಸಾವಿರದಲ್ಲೊಂದು ಪಾಲೂ ಇಲ್ಲ, ಆದ್ರೂ ತಾಗಿಸಬಾರದು. ತಾಗಿದ್ರೆ ಆ ದಿನದ ಕೆಲ್ಸ ಅಷ್ಟೇ. ಜರ್ಮನಿಯ ವಿಜ್ಞಾನಿ ಪ್ಲಾಂಕ್ 1900ರಲ್ಲಿ ಹಾಕಿಕೊಟ್ಟ ಶಾಖದ ಲೆಕ್ಕ ಇಷ್ಟು ಹತ್ರಕ್ಕೆ ನಡೆಯಲ್ಲ. ಯಾಕಂದ್ರೆ ಬಿಸಿ ವಸ್ತುವಿನ ಶಾಖದಲ್ಲಿ ಒಂದಷ್ಟು ಹೊರಗೆ ಹೋಗೋದೇ ಇಲ್ಲ, ಮೇಲ್ಮೈನಲ್ಲೇ ಅಂಟ್ಕೊಂಡು ಹೊಸ್ತಿಲಲ್ಲೇ ನಿಂತಿರುತ್ತೆ, ಪಕ್ಕದಲ್ಲಿ ಇನ್ನೊಂದು ಮೇಲ್ಮೈ ಸಿಕ್ಕಿದ ತಕ್ಷಣ ಆಕಡೆ ದಾಟಿಬಿಡುತ್ತೆ. 2009ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವ್ರು ಇದೇ ಥರ ಮಣಿ ಇಟ್ಟು ಅಳೆದಾಗ ಹಳೇ ಲೆಕ್ಕಕ್ಕಿಂತ ಸಾವಿರ ಪಟ್ಟು ಜಾಸ್ತಿ ಬಂತು. ಶಾಖ ಬಂದಾಗ ಪಟ್ಟಿ ಚೂರು ಬಾಗುತ್ತೆ, ಅದನ್ನ ಲೇಸರ್ ಹಿಡಿದು ನೋಡ್ತೀವಿ. ಅಮ್ಮ ವಿಡಿಯೋ ಕಾಲಲ್ಲಿ ನೋಡಿದ ಬೆರಳಿನ ಬ್ಯಾಂಡೇಜು ರೇಡಿಯೇಷನ್ನಿಂದ ಅಲ್ಲ, ಮಣಿ ಅಂಟು ಒಣಗಿಸೋ ಹಾಟ್‌ಪ್ಲೇಟ್ ಮುಟ್ಟಿದ್ದು. ವಾಸಿ ಆಗಿದೆ. ಪೂರ್ತಿ ವಾಸಿ ಆಗಿದೆ.

ಇಲ್ಲಿಯವ್ರದ್ದು ಒಂಥರಾ ಶಿಸ್ತು, ಅಳತೆ ನಡೀವಾಗ ಕಾರಿಡಾರಲ್ಲಿ ಯಾರೂ ಜೋರಾಗಿ ನಡೆಯಂಗಿಲ್ಲ, ಪ್ರೊಫೆಸರೇ ಶೂ ಬಿಚ್ಚಿ ಕೈಲಿ ಹಿಡ್ಕೊಂಡು ಹೋಗ್ತಾರೆ. ಶಾಖನ ಚಿತ್ರವಾಗಿ ತೋರಿಸೋ ಥರ್ಮಲ್ ಕ್ಯಾಮೆರಾ ಒಂದಿದೆ, ಅದರಲ್ಲಿ ನನ್ನ ಕನ್ನಡಕ ಕರ್ರಗೆ ಕಾಣುತ್ತೆ, ಗಾಜು ಆ ಶಾಖದ ಬೆಳಕನ್ನ ಬಿಡಲ್ಲ ನೋಡಿ. ಮೊನ್ನೆ ನನ್ನ ಕುರ್ಚಿ ಮೇಲೆ ಯಾರೋ ಕೂತು ಎದ್ದುಹೋದ ಬಿಸಿ ಗುರುತು ಅದರಲ್ಲಿ ಅಚ್ಚುಕಟ್ಟಾಗಿ ಬಿತ್ತು, ಸಿಕ್ಕಿಬಿದ್ರು. ಆದ್ರೆ ಸುಮಾರು 10 ಮೈಕ್ರೋಮೀಟರಿಗಿಂತ ಸಣ್ಣದು ಅದಕ್ಕೆ ಕಾಣಲ್ಲ, ಅಷ್ಟು ಸಣ್ಣದಕ್ಕೆ ಮೊನಚಾದ ಸೂಜಿ ತುದಿನ ಮೇಲ್ಮೈ ಹತ್ರ ಓಡಾಡಿಸಿ ಚಿತ್ರ ತೆಗೀಬೇಕು.

ಒಂದು ಕೇಳ್ತೀನಿ ಅಪ್ಪಾ, ಈ ಪ್ರಶ್ನೆ ಕೇಳಿದ್ದು ಅವ್ರಪ್ಪನಾ, ಹುಡುಗನೇನಾ? ಅವ್ರಪ್ಪ ಆದ್ರೆ ಪರವಾಗಿಲ್ಲ, ಮೇಲಿಂದು ಓದಿ ಹೇಳಿ. ಇಂಜಿನಿಯರ್ ಅಂದಿದ್ರಲ್ಲ ಆ ಹುಡುಗನೇ ಕೇಳಿದ್ದಾದ್ರೆ ನಾನೇ ಒಂದ್ಸಲ ಯೋಚನೆ ಮಾಡ್ಬೇಕಾಗುತ್ತೆ.

ಅಮ್ಮಂಗೆ ಹೇಳಿ, ನಿದ್ದೆ ಚೆನ್ನಾಗಿ ಮಾಡ್ತಿದೀನಿ, ಹೊತ್ತಿಗೆ ಸರಿಯಾಗಿ ತಿಂತಿದೀನಿ, ತಲೆನೋವೂ ಇಲ್ಲ, ಏನೂ ಇಲ್ಲ. ಈಗ ರಾತ್ರಿ ಎರಡೂವರೆ, ಅದು ಬೇರೆ ವಿಷ್ಯ, ಈ ಹೊತ್ತಲ್ಲೇ ಕಟ್ಟಡ ಅಲ್ಲಾಡಲ್ಲ. ಪಂಪ್ ಸದ್ದು ಬದಲಾಯ್ತು, ಹೋಗ್ಬೇಕು, ಆಮೇಲೆ ಬರೀತೀನಿ.

ನಿಮ್ಮ ಮಗಳು